ಆರೇಳು ಕಿಲೋಬೈಟಿನ ಪಾಠ

ಮನೆಯಲ್ಲಿದ್ದುಕೊಂಡೇ ಕಾಲೇಜು ಓದುವುದು ಕನ್ನಡಿಗರಿಗೆ ಹೊಸತಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ಶಿಕ್ಷಣ 1969-70ರಲ್ಲೇ ಆರಂಭವಾಗಿತ್ತು. 1996ರಲ್ಲಿ ಅದೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. 2017ರಲ್ಲಿ ಕೇಂದ್ರ ಸರ್ಕಾರದ 'ಸ್ವಯಂ' ಬಂದ ಮೇಲೆ ಪಾಠಗಳು ಮೊಬೈಲಿಗೇ ಬಂದವು.

ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ನಿಜ. ಆದರೆ ಅಫಜಲಪುರ, ಜೇವರ್ಗಿಯ ಹಳ್ಳಿಗಳಿಂದ ದಿನವೂ ದೂರದ ಕಾಲೇಜಿಗೆ ಬಸ್ಸು ಹಿಡಿಯಲು ಎಲ್ಲರಿಗೂ ಆದೀತೆ? ಹೊಲದ ಕೆಲಸವಿರುವ ಹುಡುಗನಿಗೆ, ಮದುವೆಯಾದ ಹುಡುಗಿಗೆ ಆನ್‌ಲೈನ್ ತರಗತಿಯೇ ಗತಿ. ಅಲ್ಲಿಯೂ ಸಿಗ್ನಲ್ ಕೈಕೊಟ್ಟರೆ ಪಾಠ ಅರ್ಧಕ್ಕೇ ನಿಂತಿತು!

ಬರವಣಿಗೆ ಕಲಿಸಲು ವಿಡಿಯೊ ಬೇಕೇ ಬೇಕೆಂದೇನಿಲ್ಲ. ಲೆಕ್ಕ ಹಾಕಿ ನೋಡಿ. ಯುನಿಕೋಡ್‌ನಲ್ಲಿ ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್. 250 ಪದಗಳ ಪ್ರಬಂಧವೆಂದರೆ ಹೆಚ್ಚೂಕಡಿಮೆ ಆರೇಳು ಕಿಲೋಬೈಟ್. ಒಂದು ಗಂಟೆಯ ವಿಡಿಯೊ ತರಗತಿಗೋ ನೂರಾರು ಮೆಗಾಬೈಟ್ ಖರ್ಚು. ಅಂದರೆ ಹತ್ತಾರು ಸಾವಿರ ಪಟ್ಟು! ಪ್ರಬಂಧ ಕಳಿಸಲು ರಾತ್ರಿ ಐದು ನಿಮಿಷ ಸಿಗ್ನಲ್ ಸಿಕ್ಕರೂ ಸಾಕು. ಆದರೆ ನುಡಿಯ ಹಳೆಯ ಫಾಂಟ್‌ನಲ್ಲಿ ಬೆರಳಚ್ಚು ಮಾಡಿದರೆ ಮೊಬೈಲಿನಲ್ಲಿ ಅಕ್ಷರ ಕಲಸುಮೇಲೋಗರವಾದೀತು, ಯುನಿಕೋಡ್ ಬಳಸಬೇಕು. ಅದೂ ಬಾರದವರು ಕೈಬರಹದ ಹಾಳೆಯ ಫೋಟೊ ಕಳಿಸಬಹುದು.

ಹಾಗಾದರೆ ಕಷ್ಟ ಇರುವುದೆಲ್ಲಿ? ಮೇಷ್ಟ್ರ ವೇಳೆಯಲ್ಲಿ. ಒಂದು ಪ್ರಬಂಧ ಓದಿ, ತಪ್ಪು ಗುರುತಿಸಿ, ನಾಲ್ಕು ಮಾತು ಬರೆಯಲು 10 ನಿಮಿಷ ಹಿಡಿಯಿರಿ. 60 ವಿದ್ಯಾರ್ಥಿಗಳಿದ್ದರೆ 10 ಗಂಟೆ. ತಿದ್ದಿದ್ದನ್ನು ಮತ್ತೆ ಬರೆಸಿ ನೋಡಿದರೆ 20 ಗಂಟೆ. ಆದ್ದರಿಂದಲೇ ಅನೇಕ ಆನ್‌ಲೈನ್ ಕೋರ್ಸುಗಳು ಸರಿ ಉತ್ತರಕ್ಕೆ ಗುರುತು ಹಾಕುವ ಪ್ರಶ್ನೆಗಳಿಗೆ ಶರಣಾಗುತ್ತವೆ; ಅವನ್ನು ಯಂತ್ರವೇ ತಿದ್ದುತ್ತದೆ. ಆದರೆ ದಡದಲ್ಲಿ ಕುಳಿತು ಪ್ರಶ್ನೆಗೆ ಉತ್ತರಿಸಿದವನಿಗೆ ಭೀಮಾ ನದಿಯಲ್ಲಿ ಈಜು ಬಂದೀತೆ? ಬರವಣಿಗೆಯೂ ಹಾಗೆಯೇ. ಕಾಲೇಜಿನವರು 20 ಜನರ ತಂಡ ಮಾಡಿ, ತಿದ್ದುವ ಗಂಟೆಗಳನ್ನೂ ಬೋಧನೆಯ ಗಂಟೆಗಳೆಂದೇ ಲೆಕ್ಕಕ್ಕೆ ಹಿಡಿಯಬೇಕು.

ಪಾಲಕರೇ, ಇಂಥ ಕೋರ್ಸಿಗೆ ಹಣ ಕಟ್ಟುವ ಮುನ್ನ ಮೂರು ಪ್ರಶ್ನೆ ಕೇಳಿ. ಒಬ್ಬ ಅಧ್ಯಾಪಕರಿಗೆ ಎಷ್ಟು ವಿದ್ಯಾರ್ಥಿಗಳು? ಬರೆದದ್ದು ತಿದ್ದಿ ವಾಪಸು ಬರುವುದು ಎಷ್ಟು ದಿನಕ್ಕೆ? ಮತ್ತೆ ಬರೆಯಲು ಅವಕಾಶವಿದೆಯೇ? ವಿದ್ಯಾರ್ಥಿಗಳೇ, ತಿದ್ದಿ ಬಂದ ಹಾಳೆಯಲ್ಲಿ ಅಂಕ ಮಾತ್ರ ನೋಡಿ ಬದಿಗಿಡಬೇಡಿ. ಗುರುತು ಹಾಕಿದ ಸಾಲನ್ನು ಮತ್ತೊಮ್ಮೆ ಬರೆಯಿರಿ. ಕಲಿಕೆ ಅಲ್ಲಿಂದ ಶುರು.