ನರಿ ಮುಖದ ಪಾತ್ರೆ, ಅಜ್ಜಿಯ ಗಿಂಡಿ

ಮಗಳು ಮಸ್ಕತ್‌ನಿಂದ ಬರುವಾಗ ಶೋಕೇಸಿಗೆಂದು ಒಂದು ಹಿತ್ತಾಳೆ ಪಾತ್ರೆ ತಂದಳು. ಗೇಣೆತ್ತರ, ಹೊಟ್ಟೆಯ ಮೇಲೆ ಈಜಿಪ್ಟಿನ ಚಿತ್ರಲಿಪಿ, ಮುಚ್ಚಳದಲ್ಲಿ ನರಿಯ ತಲೆ. ಮೂಡುಬಿದಿರೆಯ ನಮ್ಮ ಮನೆಗೆ ಬಂದವರೆಲ್ಲ "ಚಂದ ಉಂಟು ಮಾರಾಯ್ರೆ, ಸಕ್ಕರೆ ಹಾಕ್ಲಿಕ್ಕಾ?" ಅಂತ ಕೇಳಿದ್ದೇ ಕೇಳಿದ್ದು.

ಏನಿದು ಅಂತ ಓದಿ ನೋಡಿದೆ. ಪ್ರಾಚೀನ ಈಜಿಪ್ಟಿನವರು ಶವವನ್ನು ಮಮ್ಮಿ ಮಾಡುವಾಗ ಒಳಗಿನ ಅಂಗಗಳನ್ನು ತೆಗೆದು ನಾಲ್ಕು ಜಾಡಿಗಳಲ್ಲಿ ಇಡುತ್ತಿದ್ದರಂತೆ. ಯಕೃತ್ತಿಗೆ ಮನುಷ್ಯ ಮುಖದ ಕಾವಲು, ಶ್ವಾಸಕೋಶಕ್ಕೆ ಬಬೂನ್ ಕೋತಿ, ಕರುಳಿಗೆ ಗಿಡುಗ. ನಮ್ಮ ಮನೆಗೆ ಬಂದ ನರಿಯ ಹೆಸರು ದುವಾಮುತೆಫ್, ಜಠರದ ಕಾವಲುಗಾರ! ಅಸಲಿ ಜಾಡಿಗಳು ಹೆಚ್ಚಾಗಿ ಕಲ್ಲು, ಮಣ್ಣಿನವು. 1922ರಲ್ಲಿ ಸಿಕ್ಕಿದ ಟುಟಂಖಾಮನ್ ದೊರೆಯ ಸಮಾಧಿಯಲ್ಲಿ ಮಾತ್ರ ಅವಕ್ಕೆ ಬಂಗಾರದ ಪುಟ್ಟ ಪೆಟ್ಟಿಗೆಗಳೇ ಇದ್ದವು. ಸಕ್ಕರೆಯ ಮಾತು ಅಲ್ಲಿಗೆ ನಿಂತಿತು.

ಬೆಳ್ತಂಗಡಿಯಿಂದ ಬಂದ ಅತ್ತೆಗೆ ಇದನ್ನೆಲ್ಲ ಹೇಳಿದರೆ ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ನಮ್ಮ ಪಂಜುರ್ಲಿಗೆ ಹಂದಿ ಮೊಗ ಇಲ್ವಾ? ಕಾಯುವವರಿಗೆ ಮೃಗದ ಮುಖವೇ ಸರಿ" ಎಂದರು. ಆಮೇಲೆ ಪಕ್ಕಕ್ಕೆ ಕೈ ತೋರಿಸಿ, "ಇದು ನಿನ್ನ ಅಜ್ಜಿಯ ಗಿಂಡಿಯಲ್ವಾ?" ಅಂದರು.

ಹೌದು. ಬಂಟ್ವಾಳದ ತವರಿನ ಕಂಚಿನ ಗಿಂಡಿ. ಬಂದವರಿಗೆ ಕಾಲು ತೊಳೆಯಲು ಜಗಲಿಯಲ್ಲಿ ಇರುತ್ತಿದ್ದದ್ದು ಅದೇ, ಅಜ್ಜ ತೀರಿಕೊಳ್ಳುವಾಗ ಬಾಯಿಗೆ ತುಳಸಿ ನೀರು ಬಿಟ್ಟದ್ದೂ ಅದರಿಂದಲೇ. ಸಪೂರ ಮೂತಿಯಲ್ಲಿ ನೀರು ಹನಿಹನಿಯಾಗಿ ಇಳಿಯುತ್ತದೆ, ಚೊಂಬಿನಲ್ಲಿ ಹಾಗೆ ಬಿಡ್ಲಿಕ್ಕೆ ಆಗುವುದಿಲ್ಲ. ಅದನ್ನು ನಾನು ಏನು ಮಾಡಿದೆ ಗೊತ್ತಾ? ಟೇಬಲ್ ಲ್ಯಾಂಪ್ ಮಾಡಬೇಕೆಂದು ತಳಕ್ಕೆ ಡ್ರಿಲ್ ಹೊಡೆಸಿದೆ. ಲ್ಯಾಂಪ್ ಆಗಲೇ ಇಲ್ಲ, ಪ್ಲಾಸ್ಟಿಕ್ ಹೂ ಸಿಕ್ಕಿಸಿಟ್ಟೆ.

ಮೂರು ವರ್ಷದ ಹಿಂದೆ ಅಮ್ಮ ಹೋಗುವ ಹೊತ್ತಿಗೆ ಅಣ್ಣ ಫೋನ್ ಮಾಡಿ, "ಬರುವಾಗ ಗಿಂಡಿ ತಾ" ಅಂದ. ಹೂ ಕಿತ್ತು ಹಿಡಿದುಕೊಂಡು ಓಡಿದೆ. ನೀರು ತುಂಬಿದರೆ ತಳದಿಂದ ನನ್ನ ಸೀರೆಗೇ ಸೋರಿತು. ಕೊನೆಗೆ ಸ್ಟೀಲ್ ಚಮಚದಲ್ಲಿ ಬಿಟ್ಟೆವು. ಯಾರೂ ನನಗೆ ಏನೂ ಹೇಳಲಿಲ್ಲ. ಅದನ್ನು ಅತ್ತೆಗೆ ಹೇಳುವಾಗ ಈಗಲೂ ಗಂಟಲು ಕಟ್ಟಿತು.

ಬಿ.ಸಿ. ರೋಡಿನ ತುಳು ಬದುಕು ವಸ್ತುಸಂಗ್ರಹಾಲಯದಲ್ಲಿ ಹಳೆಯ ಪಾತ್ರೆಪರಡಿ ನೋಡುವಾಗಲೂ ನನ್ನ ಕಣ್ಣು ಮೊದಲು ಹೋಗುವುದು ತಳಕ್ಕೆ.

ಅತ್ತೆ ಬೈಯಲಿಲ್ಲ. ಮರುದಿನ ಅವರೇ ಗಿಂಡಿಯನ್ನು ಚೀಲಕ್ಕೆ ಹಾಕಿಕೊಂಡು ಬೆಳ್ತಂಗಡಿಗೆ ಹೋದರು. ಅಲ್ಲಿ ಗುರ್ತದವರೊಬ್ಬರು ತವರ ಕರಗಿಸಿ ತೂತು ಮುಚ್ಚಿ ಕೊಟ್ಟರು. ಮಚ್ಚೆಯ ಹಾಗೆ ಬೆಳ್ಳಗೆ ಕಾಣುತ್ತದೆ, ಆದರೆ ಸೋರುವುದಿಲ್ಲ. ಈಗ ಅದು ನೀರು ತುಂಬಿಕೊಂಡು ಜಗಲಿಯಲ್ಲಿದೆ. ಶೋಕೇಸಿನಲ್ಲಿ ನರಿ ಒಂದೇ.