ಐದನೇ ನಮೂನೆ ತುಂಬುವವರು ಯಾರು?

2012ರ ಫೆಬ್ರುವರಿಯಲ್ಲಿ ಮದುರೈನ ಮಹಿಳೆಯೊಬ್ಬರು ಗಂಡನನ್ನು ಕ್ರಿಕೆಟ್ ಬ್ಯಾಟಿನಿಂದ ಹೊಡೆದು ಕೊಂದರು. ಆತ ಮಗಳ ಮೇಲೆಯೇ ಎರಗಿದ್ದ. ಆಗ ಅಲ್ಲಿ ಪೊಲೀಸ್ ವರಿಷ್ಠಾಧಿಕಾರಿಯಾಗಿದ್ದ ಅಸ್ರಾ ಗರ್ಗ್, ಭಾರತೀಯ ದಂಡ ಸಂಹಿತೆಯ 100ನೇ ಸೆಕ್ಷನ್‌ನಲ್ಲಿರುವ ಆತ್ಮರಕ್ಷಣೆಯ ಹಕ್ಕನ್ನು ಮುಂದಿಟ್ಟು ಆಕೆಯನ್ನು ಜೈಲಿಗೆ ಕಳುಹಿಸದೆ ಬಿಟ್ಟರು. ಅತ್ಯಾಚಾರ ತಡೆಯುವಾಗ ಎದುರಾಳಿ ಸತ್ತರೂ ಅದು ಅಪರಾಧವಲ್ಲ ಎನ್ನುವ ಅಂಶ ಆಕೆಯ ಕೈಹಿಡಿಯಿತು. ಅದೇ ಗಂಡ ಅಂದು ಮಗಳ ಬದಲು ಹೆಂಡತಿಯ ಮೇಲೆ ಎರಗಿದ್ದರೆ? ಆಗ ಆ ಅಂಶ ಆಕೆಯ ನೆರವಿಗೆ ಬರುತ್ತಿರಲಿಲ್ಲ. ಗಂಡನ ಬಲಾತ್ಕಾರವನ್ನು ನಮ್ಮ ಕಾನೂನು ಅತ್ಯಾಚಾರವೆಂದು ಒಪ್ಪುವುದಿಲ್ಲ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಆತ್ಮರಕ್ಷಣೆಯ ಸೆಕ್ಷನ್ 38 ಆಗಿದೆ. ಗಂಡನಿಗಿದ್ದ ವಿನಾಯಿತಿ ಮಾತ್ರ ಹಾಗೆಯೇ ಮುಂದುವರಿದಿದೆ.

ಮಗಳನ್ನು ಉಳಿಸಿಕೊಳ್ಳಲು ಇರುವ ಹಕ್ಕು ತನ್ನನ್ನು ಉಳಿಸಿಕೊಳ್ಳಲು ಅಷ್ಟೇ ಸುಲಭವಾಗಿ ಸಿಗದು. ತಾನು ಸಾಯುವ, ಇಲ್ಲವೇ ಕೈಕಾಲು ಮುರಿಯುವ ಭಯ ಆ ಗಳಿಗೆಯಲ್ಲಿ ನಿಜವಾಗಿಯೂ ಇತ್ತೆಂದು ಹೆಂಡತಿ ನ್ಯಾಯಾಲಯಕ್ಕೆ ತೋರಿಸಬೇಕು. ಕಾನೂನು ನೋಡುವುದು ಆ ಗಳಿಗೆಯನ್ನು. ಅವಳು ಬದುಕಿದ್ದು ಹತ್ತು ಹದಿನೈದು ವರ್ಷಗಳ ಹೊಡೆತದ ಜೊತೆಗೆ.

ಈ ಅಂತರವನ್ನು ತುಂಬಲು ನ್ಯಾಯಾಲಯಗಳು ಅಲ್ಲಲ್ಲಿ ಪ್ರಯತ್ನಿಸಿವೆ. ಮಕ್ಕಳೊಂದಿಗೆ ಬಾವಿಗೆ ಹಾರಿ ತಾನೊಬ್ಬಳೇ ಬದುಕುಳಿದ ಸುಯಂಬುಕ್ಕನಿ ಎಂಬ ತಾಯಿಯ ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟ್ 1989ರಲ್ಲಿ ಕೊಲೆ ಆರೋಪವನ್ನು ಕೆಳಕ್ಕಿಳಿಸಿತು. ದಿನಗಟ್ಟಲೆ, ವರ್ಷಗಟ್ಟಲೆ ಕೂಡುತ್ತಾ ಬಂದ ಪ್ರಚೋದನೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದು ಅದು ಹೇಳಿತು. ಏಳು ಮಕ್ಕಳನ್ನು ಬಾವಿಗೆ ತಳ್ಳಿದ ನಲ್ಲತಂಗಾಳ್ ಕಥೆ ಗೊತ್ತಿರುವ ತಮಿಳುನಾಡಿನ ನ್ಯಾಯಮೂರ್ತಿಗಳು ಆ ಹೆಸರನ್ನೇ ಈ ಮನಃಸ್ಥಿತಿಗೆ ಇಟ್ಟರು. ಬ್ರಿಟನ್‌ನಲ್ಲಿ ಗಂಡನನ್ನು ಕೊಂದಿದ್ದ ಪಂಜಾಬಿ ಮೂಲದ ಕಿರಣ್‌ಜಿತ್ ಅಹ್ಲುವಾಲಿಯಾ ಅವರ ಕೊಲೆ ಶಿಕ್ಷೆ 1992ರಲ್ಲಿ ರದ್ದಾಯಿತು. ಗುವಾಹಟಿ ಹೈಕೋರ್ಟ್ 2013ರಲ್ಲಿ, ನಿರಂತರ ಹೊಡೆತ ತಿಂದ ಹೆಂಡತಿಯ ಮನಃಸ್ಥಿತಿಯನ್ನು ಪರಿಗಣಿಸಿ ಶಿಕ್ಷೆ ತಗ್ಗಿಸಿತು. ಇವೆಲ್ಲ ಬೇಕಾದ ತೀರ್ಪುಗಳೇ. ಆದರೆ ಒಂದೊಂದು ತೀರ್ಪಿನ ಹಿಂದೆಯೂ ಹೆಣ ಬಿದ್ದಿತ್ತು. ವರ್ಷಗಳ ಹಿಂಸೆ ಲೆಕ್ಕಕ್ಕೆ ಬಂದದ್ದು ಕೊಲೆ ಕೇಸಿನ ವಾದದಲ್ಲಿ. ಅದೇ ವಿವರವನ್ನು ಮೊದಲೇ ಒಬ್ಬ ಅಧಿಕಾರಿ ಬರೆದುಕೊಂಡಿದ್ದರೆ ಬಹುಶಃ ಆ ಜೀವಗಳು ಉಳಿಯುತ್ತಿದ್ದವು.

ಕರ್ನಾಟಕಕ್ಕೆ ಇದು ದೂರದ ಮಾತಲ್ಲ. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಗಂಡನಿಂದ ಒಮ್ಮೆಯಾದರೂ ಹಿಂಸೆ ಅನುಭವಿಸಿದ 18ರಿಂದ 49 ವರ್ಷದ ಮಹಿಳೆಯರ ಪ್ರಮಾಣ ರಾಜ್ಯದಲ್ಲಿ ಶೇ 44.4. ದೇಶದ ಸರಾಸರಿ ಶೇ 29.3. ಹಿಂದಿನ ಸಮೀಕ್ಷೆಯಲ್ಲಿ ನಮ್ಮ ಅಂಕಿ ಶೇ 20.6 ಇತ್ತು. ಐದೇ ವರ್ಷದಲ್ಲಿ ಗಂಡಂದಿರು ಇಷ್ಟು ಕೆಟ್ಟರೇ, ಇಲ್ಲ ಹೆಂಗಸರು ಬಾಯಿ ಬಿಡಲು ಕಲಿತರೇ ಎಂದು ವಾದಿಸಬಹುದು. ಎರಡೂ ಸ್ವಲ್ಪ ಸ್ವಲ್ಪ ನಿಜವಿರಬಹುದು. ಇನ್ನೊಂದು ಅಂಕಿಗೆ ಮಾತ್ರ ಹೀಗೆ ಸಮಾಧಾನ ಹೇಳಲಾಗದು: ಯಾವುದಾದರೊಂದು ಕಾರಣಕ್ಕೆ ಹೆಂಡತಿಯನ್ನು ಹೊಡೆಯುವುದು ಸರಿ ಎಂದವರು ಇಲ್ಲಿನ ಗಂಡಸರಲ್ಲಿ ಶೇ 81.9, ಹೆಂಗಸರಲ್ಲಿ ಶೇ 76.9. ಹಿಂಸೆ ಉಂಡವರಲ್ಲಿ ಯಾರ ಬಳಿಯಾದರೂ ನೆರವು ಕೇಳಿದವರು ದೇಶದಾದ್ಯಂತ ಶೇ 14 ಮಾತ್ರ.

ಸಮೀಕ್ಷೆ ಈ ವಿಷಯದಲ್ಲಿ ರಾಜ್ಯಮಟ್ಟದ ಅಂಕಿ ಕೊಡುತ್ತದೆಯೇ ಹೊರತು ಜಿಲ್ಲೆಗಳದ್ದನ್ನಲ್ಲ. ಹಾಗಾಗಿ ಕೋಲಾರ ಜಿಲ್ಲೆಯ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಮನೆಗಳಲ್ಲಿ ಏನು ನಡೆಯುತ್ತಿದೆ ಎಂಬುದು ಸಾರ್ವಜನಿಕರಿಗೆ ತಿಳಿಯುವುದು ಅಪರಾಧ ಸುದ್ದಿಯ ಪುಟದಿಂದಲೇ. 2023ರ ಜೂನ್‌ನಲ್ಲಿ ಅದೇ ಜಿಲ್ಲೆಯ ಬಂಗಾರಪೇಟೆ ತಾಲ್ಲೂಕಿನಲ್ಲಿ, ಬೇರೆ ಜಾತಿಯ ಹುಡುಗನನ್ನು ಪ್ರೀತಿಸಿದಳೆಂದು ಮಗಳನ್ನು ತಂದೆಯೇ ಕೊಂದ ಆರೋಪ ಬಂತು. ಹುಡುಗ ರೈಲಿಗೆ ತಲೆಕೊಟ್ಟ. 2024ರ ಆಗಸ್ಟ್‌ನಲ್ಲಿ ಕೆಜಿಎಫ್ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಮದುವೆಯಾದ ಕೆಲವೇ ಗಂಟೆಗಳಲ್ಲಿ ವಧು ಮಚ್ಚಿನೇಟಿಗೆ ಬಲಿಯಾದಳು, ಗಾಯಗೊಂಡಿದ್ದ ವರನೂ ಮರುದಿನ ಸತ್ತ. ಎರಡನೆಯದನ್ನು ಯಾವ ಅಧಿಕಾರಿಯೂ ಮುಂಚಿತವಾಗಿ ಊಹಿಸಲಾಗದು. ಮೊದಲನೆಯದು ಹಾಗಲ್ಲ. ಮಗಳ ಮೇಲೆ ಕಾವಲು, ಬೈಗುಳ, ಬೆದರಿಕೆ ಎಲ್ಲವೂ ಮನೆಯೊಳಗೆ ಮೊದಲೇ ಶುರುವಾಗುವಂಥವು. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಹೆಂಡತಿಗೆ ಮಾತ್ರವಲ್ಲ, ಹೆತ್ತವರ ಮನೆಯಲ್ಲೇ ಇರುವ ಮಗಳಿಗೂ ಅನ್ವಯಿಸುತ್ತದೆ. ಅದು ಎಷ್ಟು ಹೆಣ್ಣುಮಕ್ಕಳಿಗೆ ಗೊತ್ತಿದೆ?

2005ರಲ್ಲಿ ಬಂದು 2006ರ ಅಕ್ಟೋಬರ್ 26ರಂದು ಜಾರಿಯಾದ ಈ ಕಾಯ್ದೆ ತಡೆಗಟ್ಟಲೆಂದೇ ಬರೆದದ್ದು. ಅದರ ನಿಯಮಗಳ ಜೊತೆ ಕೆಲವು ನಮೂನೆಗಳಿವೆ. ಮೊದಲನೆಯದು ಘಟನಾ ವರದಿ, ಕಚೇರಿ ಭಾಷೆಯಲ್ಲಿ ಡಿಐಆರ್. ಅದನ್ನು ಓದಿದವರಿಗೆ ಬರೆದವರು ಮನೆಗಳ ಒಳಗನ್ನು ಬಲ್ಲವರು ಎನಿಸುತ್ತದೆ. ಕಪಾಳಕ್ಕೆ ಹೊಡೆದದ್ದು, ಒದ್ದದ್ದು, ತಳ್ಳಿದ್ದು ಮಾತ್ರವಲ್ಲ. ಗಂಡು ಹೆರಲಿಲ್ಲವೆಂದು ಹಂಗಿಸಿದ್ದು, ಶೀಲ ಶಂಕಿಸಿದ್ದು, ಕೆಲಸಕ್ಕೆ ಹೋಗದಂತೆ ತಡೆದದ್ದು, ಸಂಬಳ ಕಿತ್ತುಕೊಂಡದ್ದು, ಊಟಕ್ಕೆ, ಔಷಧಿಗೆ ದುಡ್ಡು ಕೊಡದಿದ್ದದ್ದು, ಎಲ್ಲಕ್ಕೂ ಅಲ್ಲಿ ಒಂದೊಂದು ಸಾಲಿದೆ. ನರಸಾಪುರದ ಕಾರ್ಖಾನೆಗಳಿಗೆ ಕಂಪನಿ ಬಸ್ಸಿನಲ್ಲಿ ಹೋಗಿ ಬರುವ ಹೆಣ್ಣುಮಗಳ ಎಟಿಎಂ ಕಾರ್ಡ್ ಗಂಡನ ಜೇಬಿನಲ್ಲಿದ್ದರೆ ಅದೂ ಈ ಕಾಯ್ದೆಯ ಪ್ರಕಾರ ದೌರ್ಜನ್ಯ.

ಐದನೇ ನಮೂನೆಯ ಹೆಸರು ಸುರಕ್ಷತಾ ಯೋಜನೆ. ಏನಾಯಿತು, ಅದರಿಂದ ಏನೇನು ಪೆಟ್ಟಾಯಿತು, ಮುಂದೆ ಏನಾದೀತೆಂಬ ಭಯವಿದೆ, ಅದಕ್ಕೆ ಯಾವ ಕ್ರಮ ಬೇಕು ಎಂಬುದನ್ನು ಅಧಿಕಾರಿ ಆಕೆಯ ಎದುರು ಕೂತು ತುಂಬಬೇಕು. ನಾಳೆ ಏನಾದೀತು ಎಂದು ಹೆಣ್ಣನ್ನು ಸರ್ಕಾರದ ಕಾಗದವೊಂದು ಕೇಳುವುದು ಇಲ್ಲಿ. ಮದುರೈನ ಮನೆಯಲ್ಲೋ ಸುಯಂಬುಕ್ಕನಿಯ ಊರಿನಲ್ಲೋ ಇದನ್ನು ಯಾರಾದರೂ ಕೇಳಿದ್ದರೆ? ಇಂದು ಶ್ರೀನಿವಾಸಪುರದಲ್ಲಿ, ಮಾಲೂರಿನಲ್ಲಿ ಯಾರು ಕೇಳುತ್ತಾರೆ?

ಕರ್ನಾಟಕದಲ್ಲಿ ಆ ಕೆಲಸ ಶಿಶು ಅಭಿವೃದ್ಧಿ ಯೋಜನಾಧಿಕಾರಿಯದು, ಅಂದರೆ ತಾಲ್ಲೂಕಿನ ಸಿಡಿಪಿಒ ಅವರದು. ಅಂಗನವಾಡಿ ಕಟ್ಟಡ, ಮೊಟ್ಟೆ, ಪೌಷ್ಟಿಕ ಆಹಾರ, ಬಾಲ್ಯವಿವಾಹ ತಡೆ, ಗೃಹಲಕ್ಷ್ಮಿ ಅರ್ಜಿ ಇವೆಲ್ಲದರ ನಡುವೆ ಅವರೇ ಸಂರಕ್ಷಣಾಧಿಕಾರಿ. ಫೋನಿನಲ್ಲಿ ನಂಬಬಹುದಾದ ಸುದ್ದಿ ಬಂದರೂ ಪೊಲೀಸರನ್ನು ಕರೆದುಕೊಂಡು ಸ್ಥಳಕ್ಕೆ ಹೋಗಿ ವರದಿ ಬರೆದು ಮ್ಯಾಜಿಸ್ಟ್ರೇಟರ ಮುಂದಿಡಬೇಕು ಎನ್ನುತ್ತದೆ ಐದನೇ ನಿಯಮ. ಒಬ್ಬ ಅಧಿಕಾರಿ ಇದನ್ನು ರಾಯಲ್ಪಾಡಿನಂಥ ಗಡಿ ಹೋಬಳಿಯಲ್ಲಿ ರಾತ್ರಿ ಹತ್ತು ಗಂಟೆಗೆ ಮಾಡಬೇಕೆಂದು ಬಯಸುವುದು ನ್ಯಾಯವಲ್ಲ. ಸುಪ್ರೀಂ ಕೋರ್ಟ್ 2025ರ ಮೇ 20ರಂದು, ಜಿಲ್ಲೆ ಮತ್ತು ತಾಲ್ಲೂಕು ಮಟ್ಟದಲ್ಲಿ ಸಂರಕ್ಷಣಾಧಿಕಾರಿಗಳನ್ನು ಗುರುತಿಸಿ ನೇಮಿಸಿ ಎಂದು ಎಲ್ಲ ರಾಜ್ಯಗಳಿಗೆ ಸೂಚಿಸಿತು. ಇದ್ದವರ ಹೆಸರನ್ನೇ ಮತ್ತೊಮ್ಮೆ ಪಟ್ಟಿ ಮಾಡಿ ಕಳಿಸಿದರೆ ಆ ಆದೇಶ ಪಾಲನೆಯಾದಂತಲ್ಲ.

ಗಡಿಯ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಈ ತಾಲ್ಲೂಕುಗಳ ಹೆಣ್ಣುಮಕ್ಕಳನ್ನು ಮದನಪಲ್ಲಿ, ಪುಂಗನೂರು, ಕುಪ್ಪಂ, ಹೊಸೂರಿನ ಕಡೆಗೂ ಕೊಡುತ್ತಾರೆ. ಏಟು ತಿಂದು ತವರಿಗೆ ಬಂದು ಕೂತವಳಿಗೆ ಊರಿನವರು ಕೇಸು ಹಾಕಲು ಆಂಧ್ರಕ್ಕೇ ಹೋಗಬೇಕಮ್ಮ ಎಂದು ಹೆದರಿಸುವುದುಂಟು. ಅದು ತಪ್ಪು. ಆಕೆ ತಾತ್ಕಾಲಿಕವಾಗಿ ಇರುವ ಊರಿನ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೇ ಅರ್ಜಿ ಹಾಕಬಹುದು, ಅಲ್ಲಿನ ಆದೇಶ ಇಡೀ ದೇಶಕ್ಕೆ ಅನ್ವಯಿಸುತ್ತದೆ. ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ ನಡೆಯಬೇಕು, ಅರ್ಜಿ 60 ದಿನಗಳಲ್ಲಿ ಇತ್ಯರ್ಥಗೊಳಿಸಲು ಯತ್ನಿಸಬೇಕು ಎಂದು ಕಾಯ್ದೆಯಲ್ಲೇ ಇದೆ. ಅತ್ತೆ ಮಾವನ ಹೆಸರಿನ ಮನೆಯಲ್ಲೂ ಸೊಸೆಗೆ ವಾಸದ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ಹೇಳಿದೆ. ಶಕ್ತಿ ಯೋಜನೆಯಿಂದಾಗಿ 2023ರ ಜೂನ್‌ನಿಂದ ರಾಜ್ಯದೊಳಗೆ ಬಸ್ ಚಾರ್ಜಿಗೆ ಗಂಡನ ಮುಂದೆ ಕೈಚಾಚುವ ಪಾಡೂ ಇಲ್ಲ. ದಾರಿ ಇದೆ, ಆದರೆ ಇದೆ ಎಂದು ಹೇಳುವವರು ಸಿಗುತ್ತಿಲ್ಲ.

ಠಾಣೆಯಲ್ಲಿ ಆಗುವುದೇ ಬೇರೆ. ‘ಸಂಸಾರ ಅಂದ್ಮೇಲೆ ಇದೆಲ್ಲ ಇದ್ದದ್ದೇ’ ಎಂದು ಬುದ್ಧಿ ಹೇಳಿ, ಗಂಡನಿಂದ ಮುಚ್ಚಳಿಕೆ ಬರೆಸಿಕೊಂಡು, ಇಬ್ಬರನ್ನೂ ಒಂದೇ ಬೈಕಿನಲ್ಲಿ ಮನೆಗೆ ಕಳಿಸುವ ರಾಜಿ ಪಂಚಾಯಿತಿಗೆ ಕಾಯ್ದೆಯಲ್ಲಿ ಜಾಗವಿಲ್ಲ. ಆಪ್ತ ಸಮಾಲೋಚನೆಗೆ ಕಳಿಸುವ ಅಧಿಕಾರ ಮ್ಯಾಜಿಸ್ಟ್ರೇಟರದು. ಠಾಣೆಯವರ ಕೆಲಸ ಆಕೆಯ ಹಕ್ಕುಗಳೇನು ಎಂದು ಆಕೆಗೆ ತಿಳಿಸುವುದು.

ಆಸ್ಪತ್ರೆಯೂ ಅಷ್ಟೇ ಮುಖ್ಯ. ‘ಬಚ್ಚಲಲ್ಲಿ ಜಾರಿ ಬಿದ್ದೆ’ ಎನ್ನುವವಳ ಕುತ್ತಿಗೆಯ ಮೇಲೆ ಬೆರಳಿನ ಗುರುತಿದ್ದರೆ ಡ್ಯೂಟಿ ಡಾಕ್ಟರಿಗೆ ಅದು ಕಾಣದೇ ಇರದು. ಎಂಎಲ್‌ಸಿ, ಅಂದರೆ ಕಾನೂನು ಪ್ರಕರಣವೆಂದು ದಾಖಲಿಸಿದರೆ ಸಾಕ್ಷಿಗೆ ಅಲೆಯಬೇಕೆಂದು ಮುಲಾಮು ಬರೆದು ಕಳಿಸಿದರೆ ಒಂದು ಜೀವ ಕೈತಪ್ಪಬಹುದು. ಗಂಡನೋ ಸಂಗಾತಿಯೋ ಒಮ್ಮೆ ಕತ್ತು ಹಿಸುಕಿದ್ದರೆ, ಮುಂದೆ ಅವನ ಕೈಯಲ್ಲೇ ಆಕೆ ಕೊಲೆಯಾಗುವ ಸಾಧ್ಯತೆ ಸುಮಾರು ಏಳು ಪಟ್ಟು ಹೆಚ್ಚು ಎಂದು ಅಮೆರಿಕದಲ್ಲಿ 2008ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಕತ್ತಿನ ಗುರುತು ಕಂಡ ದಿನವೇ ಐದನೇ ನಮೂನೆ ತುಂಬಬೇಕು.

ಈ ಎಲ್ಲ ಮಾತಿಗೆ ಎದುರಾಗುವ ಪ್ರಶ್ನೆ ದುರ್ಬಳಕೆಯದು. 2024ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಟೆಕಿಯೊಬ್ಬರು ಹೆಂಡತಿಯ ಕಡೆಯವರ ಮೇಲೆ ಆರೋಪ ಹೊರಿಸಿ ಆತ್ಮಹತ್ಯೆ ಮಾಡಿಕೊಂಡ ಮೇಲೆ ಅದು ಮತ್ತಷ್ಟು ಜೋರಾಯಿತು. ಆ ನೋವು ನಿಜ. ಅದೇ ತಿಂಗಳು ದಾರಾ ಲಕ್ಷ್ಮೀನಾರಾಯಣ ಪ್ರಕರಣದಲ್ಲಿ, ಗಂಡ ಮತ್ತವನ ಮನೆಯವರ ಕ್ರೌರ್ಯವನ್ನು ಅಪರಾಧವೆನ್ನುವ ಹಳೆಯ ದಂಡ ಸಂಹಿತೆಯ 498ಎ ದುರ್ಬಳಕೆಯ ಬಗ್ಗೆ ಎಚ್ಚರಿಸಿದ ಪೀಠದಲ್ಲಿದ್ದವರು ಕನ್ನಡತಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಸಂರಕ್ಷಣಾಧಿಕಾರಿಗಳನ್ನು ನೇಮಿಸಿ ಎಂದು ಮರುವರ್ಷ ಆದೇಶಿಸಿದ ಪೀಠದಲ್ಲಿದ್ದವರೂ ಅವರೇ. ಇದರಲ್ಲಿ ವಿರೋಧಾಭಾಸವಿಲ್ಲ. 498ಎ ಬಂಧನದ ಕಾನೂನು. ಕೌಟುಂಬಿಕ ದೌರ್ಜನ್ಯ ಕಾಯ್ದೆ ಮುಖ್ಯವಾಗಿ ಹೊಡೆಯಬೇಡ, ಮನೆಯಿಂದ ಹಾಕಬೇಡ, ಖರ್ಚಿಗೆ ಕೊಡು ಎನ್ನುವ ಆದೇಶದ ಕಾನೂನು. ಆ ಆದೇಶ ಮುರಿದರೆ ಮಾತ್ರ ಜೈಲಿನ ಮಾತು. ಮೂರನೆಯ ವ್ಯಕ್ತಿಯಾದ ಅಧಿಕಾರಿ ಮೊದಲ ವಾರದಲ್ಲೇ ಬರೆದ ವರದಿ ಸುಳ್ಳು ಆರೋಪದಿಂದ ಗಂಡನ ಮನೆಯವರನ್ನೂ ಕಾಯುತ್ತದೆ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, 498ಎ ದೂರುಗಳಲ್ಲಿ ಎರಡು ತಿಂಗಳು ಬಂಧನ ಬೇಡವೆಂಬ ಅಲಹಾಬಾದ್ ಹೈಕೋರ್ಟ್ ಮಾರ್ಗಸೂಚಿಯನ್ನು ಅನುಮೋದಿಸಿದೆ. ಆ ಎರಡು ತಿಂಗಳು ದೂರು ಕೊಟ್ಟವಳ ಕಾವಲಿಗೆ ಇರುವುದು ಸಂರಕ್ಷಣಾ ಆದೇಶವೇ.

ವಸತಿ ಶಾಲೆಗಳಲ್ಲಿ ಓಬವ್ವನ ಹೆಸರಿನಲ್ಲಿ ಹುಡುಗಿಯರಿಗೆ ಆತ್ಮರಕ್ಷಣಾ ಕಲೆ ಕಲಿಸುತ್ತಿರುವುದು ಒಳ್ಳೆಯದು. ಬಸ್ ಸ್ಟ್ಯಾಂಡಿನ ಪುಂಡನಿಗೆ ಅದು ಸಾಕು. ಮಗು ಪಕ್ಕದಲ್ಲಿ ಮಲಗಿರುವ, ಬಾಗಿಲಿನ ಚಿಲಕ ಅವನ ಕೈಯಲ್ಲಿರುವ ಮನೆಯಲ್ಲಿ ಕರಾಟೆ ಕೆಲಸಕ್ಕೆ ಬಾರದು. ಅಲ್ಲಿ ಬೇಕಾದದ್ದು ಪಕ್ಕದ ಮನೆಯವರ ಒಂದು ಫೋನು. ಸದುದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಯಾವ ಕೇಸೂ ಆಗದೆಂದು ಕಾಯ್ದೆಯ ನಾಲ್ಕನೇ ಸೆಕ್ಷನ್ ಭರವಸೆ ಕೊಟ್ಟಿದೆ. ಸಂಖ್ಯೆ 181 ಅಥವಾ 112.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಶಾಸಕರು ಪ್ರಗತಿ ಪರಿಶೀಲನೆಯ ಕೆಡಿಪಿ ಸಭೆಗಳಲ್ಲಿ ಕೆರೆ, ರಸ್ತೆ, ಕೊಳವೆಬಾವಿಯ ಲೆಕ್ಕ ಕೇಳುತ್ತಾರೆ. ಮುಂದಿನ ಸಭೆಯಲ್ಲಿ ಇನ್ನೂ ಮೂರು ಲೆಕ್ಕ ಕೇಳಲಿ: ಈ ತ್ರೈಮಾಸಿಕದಲ್ಲಿ ಎಷ್ಟು ಘಟನಾ ವರದಿ ಬರೆದಿರಿ, ಎಷ್ಟು ಸುರಕ್ಷತಾ ಯೋಜನೆ ತುಂಬಿದಿರಿ, ನ್ಯಾಯಾಲಯದಿಂದ ಎಷ್ಟು ಮಧ್ಯಂತರ ಆದೇಶ ಬಂತು? ಉತ್ತರ ಸೊನ್ನೆಯಾದರೆ, ಅಂಗನವಾಡಿಯ ಹೊಣೆಯಿಲ್ಲದ, ಇದೊಂದೇ ಕೆಲಸಕ್ಕೆ ಮೀಸಲಾದ ಸಂರಕ್ಷಣಾಧಿಕಾರಿಯನ್ನು ತಾಲ್ಲೂಕಿಗೊಬ್ಬರಂತೆ ಕೊಡಿ ಎಂದು ಸರ್ಕಾರಕ್ಕೆ ಅಲ್ಲಿಂದಲೇ ಪತ್ರ ಬರೆಯಲಿ.