ಡಾಟ್ ಇನ್ ಯಾರ ಹೆಸರಿಗಿದೆ?

ಬ್ಯಾಂಕುಗಳು ತಮ್ಮ ಜಾಲತಾಣಗಳನ್ನು 2025ರ ಅಕ್ಟೋಬರ್ 31ರೊಳಗೆ ‘ಬ್ಯಾಂಕ್ ಡಾಟ್ ಇನ್’ ವಿಳಾಸಕ್ಕೆ ಬದಲಾಯಿಸಬೇಕೆಂದು ರಿಸರ್ವ್ ಬ್ಯಾಂಕ್ ಗಡುವು ಕೊಟ್ಟಿತ್ತು. ಆ ಹೆಸರು ನೋಂದಾಯಿಸುವ ಅಧಿಕಾರ ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆಗೆ ಮಾತ್ರ. ನಕಲಿ ತಾಣ ತೋರಿಸಿ ಗ್ರಾಹಕರ ದುಡ್ಡು ದೋಚುವವರಿಗೆ ಇದು ಅಡ್ಡಗಾಲು, ಒಳ್ಳೆಯ ಕ್ರಮ. ಹಾಗೆಂದು ಬರಿಯ ‘ಡಾಟ್ ಇನ್’ ಕಂಡು ನಂಬುವಂತಿಲ್ಲ. 2005ರಲ್ಲಿ ನಿಯಮ ಸಡಿಲಿಸಿದ ಮೇಲೆ ಅದು ಮೊದಲು ಕೇಳಿದವರಿಗೆ ಸಿಗುತ್ತದೆ, ಹೊರದೇಶದವರೂ ಕೊಳ್ಳಬಹುದು.

ಸಣ್ಣ ವ್ಯಾಪಾರಿಗಳ ಪಾಡು ಬೇರೆಯೇ. ಹೋಂಸ್ಟೇ ಮಾಲೀಕರೋ ಸೀರೆ ಅಂಗಡಿಯವರೋ ವೆಬ್‌ಸೈಟ್ ಮಾಡಿಕೊಡುವ ಹುಡುಗನ ಕೈಗೆ ದುಡ್ಡಿಟ್ಟು, ‘ನೀನೇ ಎಲ್ಲ ನೋಡಿಕೊಳ್ಳಪ್ಪ’ ಎನ್ನುತ್ತಾರೆ. ಅವನು ತನ್ನ ಹೆಸರು, ತನ್ನ ಇಮೇಲ್ ಹಾಕಿ ನೋಂದಾಯಿಸುತ್ತಾನೆ. ಮೋಸವೇ ಇರಬೇಕೆಂದಿಲ್ಲ, ಅವಸರವೂ ಇರಬಹುದು. ಆಮೇಲೆ ಅವನು ಬೇರೆ ಕೆಲಸ ಹಿಡಿದು ಹೋದರೆ, ನವೀಕರಣದ ಸೂಚನೆಗಳೆಲ್ಲ ಅವನ ಹಳೆಯ ಇನ್‌ಬಾಕ್ಸಿಗೇ. ಬೋರ್ಡು, ಬಿಲ್ಲು, ಕೈಚೀಲದ ಮೇಲೆಲ್ಲ ಅಚ್ಚಾದ ವಿಳಾಸ ಒಂದು ದಿನ ಯಾರದೋ ಪಾಲು. ಡಾಟ್ ಇನ್ ಉಸ್ತುವಾರಿ ಹೊತ್ತ ನಿಕ್ಸಿಯ ವಿವಾದ ಇತ್ಯರ್ಥ ವ್ಯವಸ್ಥೆ ಇದೆ, ನಿಜ. ಅಲ್ಲಿ ಗೆಲ್ಲಲು ಹೆಸರಿನ ಮೇಲೆ ತಮಗಿರುವ ಹಕ್ಕನ್ನೂ ಎದುರಾಳಿಯ ದುರುದ್ದೇಶವನ್ನೂ ಸಾಬೀತುಪಡಿಸಬೇಕು. ಅದಕ್ಕೆ ತಗಲುವ ಖರ್ಚಿನಲ್ಲಿ ಎಷ್ಟೋ ವರ್ಷಗಳ ನೋಂದಣಿ ಮುಗಿದೀತು.

ಜಿಲ್ಲಾ ಕೈಗಾರಿಕಾ ಕೇಂದ್ರಗಳು ಉದ್ಯಮಿಗಳ ತರಬೇತಿಯಲ್ಲಿ ಅರ್ಧ ಗಂಟೆ ಇದಕ್ಕೆ ಮೀಸಲಿಡಲಿ. ನೋಂದಣಿ ಮಾಲೀಕರ ಹೆಸರಿನಲ್ಲೇ ಇರಬೇಕು, ಪಾಸ್‌ವರ್ಡ್ ಅವರ ಕೈಯಲ್ಲೇ ಇರಬೇಕು. ಹತ್ತು ವರ್ಷದವರೆಗಿನ ಹಣವನ್ನು ಒಮ್ಮೆಗೇ ಕಟ್ಟಲು ಅವಕಾಶವಿದೆ ಎಂಬುದನ್ನಾದರೂ ಅವರಿಗೆ ಹೇಳಲಿ.